ಬಿಟ್ಟುಹೋದವಳ ಹಾಜರಾತಿ

ನನ್ನ ಮೊಬೈಲಿಗೆ ಹಳೆಯದನ್ನು ಕೆದಕುವ ಚಟವಿದೆ. ನಾನು ಕೇಳದಿದ್ದರೂ ಯಾವುದೋ ಬೆಳಿಗ್ಗೆ ಒಂದಷ್ಟು ಹಳೆಯ ಫೋಟೋಗಳನ್ನು ಆರಿಸಿ, ಹಿನ್ನೆಲೆಗೆ ಪಿಟೀಲು ಹಚ್ಚಿ, ‘ನಿಮ್ಮ ಸವಿನೆನಪುಗಳು’ ಎಂದು ಒಂದರ ಹಿಂದೊಂದು ತೋರಿಸುತ್ತದೆ. ಮೊನ್ನೆ ಮೊದಲು ನಾದಿನಿಯ ಮಗುವಿನ ನಾಮಕರಣ ಬಂತು. ಆಮೇಲೆ ವಿದ್ಯಾರ್ಥಿಗಳ ಜೊತೆ ಕೆಳದಿಗೆ ಹೋದಾಗ ದೇವಸ್ಥಾನದ ಮುಂದೆ ತೆಗೆದದ್ದು. ಅದರ ಹಿಂದೆ ಒಂದು ಕೆಂಪು ಚೌಕ ನಿಧಾನವಾಗಿ ತೇಲಿಬಂತು. ಚೌಕದೊಳಗೆ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂದಿತ್ತು. ಪಿಟೀಲು ಏರುದನಿಗೆ ಹೋಯಿತು. ಇನ್ನೊಂದು ಕೆಂಪು ಚೌಕ ಬಂತು. ಮತ್ತೊಂದು ಬಂತು. ಕಾಫಿ ಲೋಟ ಹಿಡಿದು ಹಿಂದಿನಿಂದ ಬಗ್ಗಿ ನೋಡಿದ ನಮ್ಮ ಮನೆಯವರು, “ಇದು ಯಾರ ಮದುವೇದು?” ಎಂದರು.

ಮದುವೆಯದ್ದಲ್ಲ. ನಮ್ಮ ಕಾಲೇಜಿನ ಸಾಫ್ಟ್‌ವೇರಿನದ್ದು. ನಾನು ಸಾಗರದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ನಮ್ಮ ಆಡಳಿತ ಮಂಡಳಿಗೆ ಸಾಗರದಲ್ಲೊಂದು, ಹೊಸನಗರದಲ್ಲೊಂದು, ತೀರ್ಥಹಳ್ಳಿಯಲ್ಲೊಂದು ಕಾಲೇಜು. ಮೂರರ ಲೆಕ್ಕವೂ ಒಂದೇ ಕಡೆ ಇರಲಿ ಎಂದು ಮಂಡಳಿಯವರು ಒಂದು ಸಾಫ್ಟ್‌ವೇರ್ ತರಿಸಿದರು. ಹಾಜರಾತಿ, ಅಂಕ, ಗ್ರಂಥಾಲಯ, ಪರೀಕ್ಷೆಯ ಅರ್ಜಿ ಎಲ್ಲವೂ ಅದರೊಳಗೆ. ಅದಕ್ಕೊಂದು ಕನ್ನಡದ ಹೆಸರು ಬೇಕು ಎಂದು ನನ್ನನ್ನು ಕೇಳಿದರು. ನಾನು ಹಿಂದೆ ಮುಂದೆ ನೋಡದೆ ‘ಸರ್ವಸಾಕ್ಷಿ’ ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಉದ್ಘಾಟನೆಯ ದಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಕೀಲಿಮಣೆಯ ಮೇಲೆ ಸೇವಂತಿಗೆ ಇಟ್ಟು, ದೀಪ ಹಚ್ಚಲಾಯಿತು. ಮುಖ್ಯ ಅತಿಥಿಗಳು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಸೇವಂತಿಗೆಯ ಅಡಿಯಲ್ಲಿ ಯಾವುದೋ ಅಕ್ಷರ ಒತ್ತಿಕೊಂಡೇ ಇದೆ ಎಂದು ಭಾಷಣವೆಲ್ಲ ಮುಗಿದ ಮೇಲೆ ಗೊತ್ತಾಯಿತು. ಹೀಗೆ ಸರ್ವಸಾಕ್ಷಿಯ ಮೊದಲ ದೋಷಕ್ಕೆ ಕಾರಣ ಭಕ್ತಿ.

ಮರುದಿನ ನಾನು ಒಳಹೊಕ್ಕು ನೋಡಿದರೆ ‘ಹಾಜರಾತಿ’ ‘ಹಜಾರಾತಿ’ಯಾಗಿತ್ತು, ‘ಗ್ರಂಥಾಲಯ’ ‘ಗಂಥ್ರಾಲಯ’ವಾಗಿತ್ತು. ಕನ್ನಡ ಮೇಷ್ಟ್ರುಗಳಿಗೆ ಒಂದು ರೋಗವಿದೆ: ಹೊತ್ತಿ ಉರಿಯುವ ಮನೆಯ ಮುಂದೆ ನಿಂತರೂ ಬಾಗಿಲ ಮೇಲಿನ ಹೆಸರಿನ ಕಾಗುಣಿತ ಮೊದಲು ಕಣ್ಣಿಗೆ ಬೀಳುತ್ತದೆ. ಪ್ರಾಂಶುಪಾಲರ ಕೋಣೆಗೆ ಹೋಗಿ ಹೇಳಿದೆ. ಅವರು ಬಹಳ ಸಂತೋಷಪಟ್ಟರು. “ಇಷ್ಟು ಸೂಕ್ಷ್ಮವಾಗಿ ಬೇರೆ ಯಾರೂ ನೋಡ್ಲಿಲ್ಲ ಮೇಡಂ. ಇವತ್ತಿಂದ ನೀವೇ ದೋಷ ವರದಿ ಸಂಯೋಜಕಿ, ಎಲ್ಲಾ ನೀವೇ ವರದಿ ಮಾಡಿ,” ಎಂದರು. ತಪ್ಪು ತೋರಿಸಿದವರಿಗೇ ತಪ್ಪಿನ ಪಾಲನೆಯನ್ನು ವಹಿಸುವುದು ನಮ್ಮ ಸಂಸ್ಥೆಯ ಸಂಪ್ರದಾಯ. ಶೌಚಾಲಯದಲ್ಲಿ ನೀರಿಲ್ಲ ಎಂದಿದ್ದ ಇತಿಹಾಸದ ಮೇಷ್ಟ್ರು ಈಗಲೂ ನೀರಿನ ಸಮಿತಿಯ ಅಧ್ಯಕ್ಷರು.

ಸರ್ವಸಾಕ್ಷಿಯೊಳಗೆ ‘ದೋಷ ಮತ್ತು ಸಲಹೆ’ ಎಂಬ ಪುಟವಿತ್ತು. ಅಲ್ಲಿ ಬರೆದದ್ದು ತೀರ್ಥಹಳ್ಳಿಯ ಕಾಲೇಜಿನಲ್ಲಿ ಕೂತ ಸಿಸ್ಟಂನವರಿಗೆ ತಲುಪುತ್ತದೆ. ಒಳಗೆ ಹೋಗಲು ಆಗುತ್ತಿಲ್ಲ ಎಂಬ ದೂರನ್ನೂ ಒಳಗೆ ಹೋಗಿಯೇ ಕೊಡಬೇಕು. ಬಾವಿಗೆ ಬಿದ್ದವರು ಮೇಲೆ ಬಂದು ಅರ್ಜಿ ಕೊಟ್ಟರೆ ಹಗ್ಗ ಬಿಡುವ ವ್ಯವಸ್ಥೆ. ನನ್ನ ಮೊದಲ ವರದಿ ಈಗ ಓದಿದರೆ ನನಗೇ ನಗು ಬರುತ್ತದೆ. ‘ಆಧುನಿಕ ತಂತ್ರಜ್ಞಾನವು ಶಿಕ್ಷಣ ಕ್ಷೇತ್ರಕ್ಕೆ ವರದಾನವಾಗಿರುವ ಈ ಸಂದರ್ಭದಲ್ಲಿ’ ಎಂದು ಶುರುವಾಗಿ, ಭಾಷಾಶುದ್ಧಿಯ ಮಹತ್ವವನ್ನು ಹಾದು, ಕಟ್ಟಕಡೆಯ ಸಾಲಿನಲ್ಲಿ ‘ಆದ್ದರಿಂದ ಗ್ರಂಥಾಲಯ ಎಂದು ತಿದ್ದಬೇಕಾಗಿ ವಿನಂತಿ’ ಎಂದು ಮುಗಿಯುತ್ತದೆ. ಉತ್ತರ ಬಂತು: ‘ಸ್ಕ್ರೀನ್‌ಶಾಟ್ ಕಳಿಸಿ.’ ಒಂದು ಪ್ರಬಂಧಕ್ಕೆ ಇಷ್ಟು ನಿರ್ದಯವಾದ ವಿಮರ್ಶೆ ನಾನು ಬೇರೆಲ್ಲೂ ಕಂಡಿಲ್ಲ. ಆ ದಿನದಿಂದ ನನ್ನ ಮೊಬೈಲಿನಲ್ಲಿ ಕೆಂಪು ಚೌಕಗಳು ತುಂಬತೊಡಗಿದವು.

ನನ್ನ ಸಹೋದ್ಯೋಗಿಗಳ ಶೈಲಿ ಬೇರೆ. ಇತಿಹಾಸದವರು ಯಾವ ದೋಷಕ್ಕೂ ‘ಕೆಲಸ ಮಾಡ್ತಿಲ್ಲ’ ಎಂದಷ್ಟೇ ಬರೆಯುತ್ತಿದ್ದರು. ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಭವಿಷ್ಯದ ಸಂಶೋಧಕರಿಗೆ ಬಿಟ್ಟದ್ದು. ಅರ್ಥಶಾಸ್ತ್ರದವರು ಎಲ್ಲಕ್ಕೂ ‘ಅತಿ ತುರ್ತು’ ಎಂದು ಗುರುತು ಹಾಕುತ್ತಿದ್ದರು. ಪುಟದ ಹಸಿರು ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂಬುದೂ ಅವರಿಗೆ ಅತಿ ತುರ್ತು. ಕ್ರಮೇಣ ಎಲ್ಲರೂ ಹಾಗೇ ಮಾಡಿದೆವು. ತೀರ್ಥಹಳ್ಳಿಯಲ್ಲಿ ಅತಿ ತುರ್ತಿನ ರಾಶಿ ಗುಡ್ಡವಾಗಿ, ಅಲ್ಲಿನವರು ನಿಶ್ಚಿಂತೆಯಿಂದ ‘ಸಾಧಾರಣ’ ಎಂದು ಬಂದದ್ದನ್ನು ಮೊದಲು ನೋಡುತ್ತಿದ್ದರಂತೆ.

ನಮ್ಮ ದೊಡ್ಡಮ್ಮ ತೀರ್ಥಹಳ್ಳಿಯ ಡಾಕ್ಟರ ಹತ್ತಿರ ಹೋದಾಗಲೂ ಇದೇ ಕಥೆ. ಚಿಕ್ಕವಳಿದ್ದಾಗ ಅವಳ ಜೊತೆಗೆ ನನ್ನನ್ನು ಕಳಿಸುತ್ತಿದ್ದರು, ಪೆಪ್ಪರ್‌ಮಿಂಟಿನ ಆಸೆಗೆ ನಾನು ಹೋಗುತ್ತಿದ್ದೆ. ಡಾಕ್ಟರು “ಏನಾಗ್ತಿದೆ?” ಎಂದು ಕೇಳಿದರೆ ದೊಡ್ಡಮ್ಮ, “ಎಂಗೊ ಎಲ್ಲ ಉಪನಯನಕ್ಕೆ ಹೋಗಿದ್ಯ. ಅಲ್ಲಿ ಪಾಯಸ ಚೊಲೊ ಇತ್ತಿಲ್ಲೆ,” ಎಂದು ಚೆನ್ನಾಗಿಲ್ಲದ ಪಾಯಸದಿಂದ ಶುರುಮಾಡುತ್ತಿದ್ದಳು. ಉಪನಯನದ ವಟು ಯಾರ ಮೊಮ್ಮಗ, ಅಡುಗೆಯವನು ಯಾವ ಊರಿನವನು, ಹಿಂತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಕೊಡದ ಹುಡುಗ ಯಾರ ಮನೆಯವನು ಎಲ್ಲವೂ ಬರುತ್ತಿತ್ತು. ಡಾಕ್ಟರು “ನೋವು ಎಲ್ಲಿ ಹೇಳಿ ಅಮ್ಮ,” ಎಂದರೆ “ಆನು ಅದನ್ನೇ ಹೇಳ್ತಾ ಇದ್ದಿ,” ಎನ್ನುತ್ತಿದ್ದಳು. ಕೊನೆಗೆ ನೋವು ಮೊಣಕಾಲಿನಲ್ಲಿ ಎಂದು ತಿಳಿಯುವಷ್ಟರಲ್ಲಿ ಹೊರಗೆ ಕಾಯುತ್ತಿದ್ದವರಲ್ಲಿ ಕೆಲವರು ಕಾಯಿಲೆ ತಾನಾಗಿಯೇ ವಾಸಿಯಾಗಿ ಮನೆಗೆ ಹೋಗಿರುತ್ತಿದ್ದರು. ನನ್ನ ಗದ್ಯಶೈಲಿ ಯಾರ ಕಡೆಯಿಂದ ಬಂದದ್ದು ಎಂದು ನಿಮಗೆ ಈಗ ಗೊತ್ತಾಗಿರಬೇಕು.

ಸಲಹೆಗಳದ್ದು ಇನ್ನೊಂದು ಪುರಾಣ. ಸರ್ವಸಾಕ್ಷಿ ಮೂಲತಃ ಯಾವುದೋ ಮಹಾನಗರದ ಕಾಲೇಜಿಗೆಂದು ಮಾಡಿದ್ದು. ತಡವಾಗಿ ಬಂದ ವಿದ್ಯಾರ್ಥಿಯ ಹೆಸರಿನ ಮುಂದೆ ಕಾರಣ ಆರಿಸಬೇಕು. ಅಲ್ಲಿದ್ದ ಕಾರಣಗಳು ಅನಾರೋಗ್ಯ, ಟ್ರಾಫಿಕ್ ಮತ್ತು ಮೆಟ್ರೋ ವಿಳಂಬ. ತುಮರಿ ಕಡೆಯ ಮಕ್ಕಳು ಶರಾವತಿಯ ಹಿನ್ನೀರು ದಾಟಿ ಬರಬೇಕು, ಆಗ ಇನ್ನೂ ಲಾಂಚಿಗೆ ಕಾಯುತ್ತಿದ್ದರು. ಅವರನ್ನೆಲ್ಲ ಮೆಟ್ರೋ ವಿಳಂಬಕ್ಕೆ ಹಾಕಿ ಹಾಕಿ ಬೇಸತ್ತು, ‘ಲಾಂಚ್ ಇಲ್ಲ’ ಎಂಬ ಕಾರಣವನ್ನೂ ಸೇರಿಸಿ ಎಂದು ಸಲಹೆ ಕೊಟ್ಟೆ. ಬಹಳ ಕಾಲದ ಮೇಲೆ ಸೇರಿಸಿದರು. ‘ಲಂಚ್ ಇಲ್ಲ’ ಎಂದು ಸೇರಿಸಿದರು. ಊಟವಿಲ್ಲದ್ದಕ್ಕೆ ತಡವಾಯಿತು ಎಂದು ಇಡೀ ತುಮರಿ ಸೀಮೆಯ ಮಕ್ಕಳು ದಾಖಲಾದರು. ಅದನ್ನು ತಿದ್ದಿಸುವ ಹೊತ್ತಿಗೆ ಸೇತುವೆಯೇ ಆಗಿ ಲಾಂಚಿನ ಕಾಟ ಮುಗಿಯಿತು. ನಮ್ಮಲ್ಲಿ ಸಲಹೆಗಳು ಜಾರಿಯಾಗುವುದಿಲ್ಲ ಎನ್ನುವವರಿಗೆ ತಾಳ್ಮೆಯಿಲ್ಲ.

ಇಷ್ಟರ ತನಕ ಎಲ್ಲವೂ ನಗುವ ವಿಷಯವೇ. ಚೈತ್ರಾಳ ಪ್ರಸಂಗ ಬಂದಾಗ ನಗು ನಿಂತಿತು.

ಚೈತ್ರಾ ಅಂತಿಮ ಬಿ.ಎ. ಹುಡುಗಿ. ತುಮರಿಯ ಹತ್ತಿರದವಳು. ಮಾತು ಕಡಿಮೆ, ಆಡಿದರೆ ಎದುರಿನವರು ಉತ್ತರ ಹುಡುಕಬೇಕು. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಬೇಕೆಂದು ದಿನಾ ಬೆಳಿಗ್ಗೆ ಹೊಸ ಸೇತುವೆಯ ಮೇಲೆ ಓಡಿ, ಆಮೇಲೆ ಬಸ್ಸು ಹತ್ತಿ ಕಾಲೇಜಿಗೆ ಬರುತ್ತಿದ್ದಳು. ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಅರ್ಜಿ ಹಾಕಲು ಹೋದರೆ ಸರ್ವಸಾಕ್ಷಿ ಕೆಂಪು ಚೌಕದಲ್ಲಿ ‘ಈ ವಿದ್ಯಾರ್ಥಿಯು ಸಂಸ್ಥೆಯನ್ನು ತೊರೆದಿದ್ದಾರೆ’ ಎಂದಿತು. ಅವಳು ನನ್ನ ಹತ್ತಿರ ಬಂದು, “ಮೇಡಂ, ನಾನು ಕಾಲೇಜು ಬಿಟ್ಟಿದೀನಂತೆ,” ಎಂದಳು. ಬೇರೆ ಯಾರದ್ದೋ ಸುದ್ದಿ ಹೇಳುವಂತೆ ಹೇಳಿದಳು.

ನಾನು ಅವಳ ಪುಟ ತೆರೆದು ನೋಡಿದೆ. ತಮಾಷೆಯೆಂದರೆ ಹಿಂದಿನ ದಿನದವರೆಗೂ ಹಾಜರಾತಿ ಇತ್ತು, ನಾನೇ ಹಾಕಿದ್ದು. ತೊರೆದು ಹೋದವಳು ದಿನವೂ ತರಗತಿಗೆ ಬಂದು ಕೂರುತ್ತಿದ್ದಾಳೆ ಎಂಬುದರಲ್ಲಿ ಸರ್ವಸಾಕ್ಷಿಗೆ ಯಾವ ವಿರೋಧವೂ ಕಂಡಿರಲಿಲ್ಲ.

ವರದಿ ಮಾಡಿದೆ, ಕೆಂಪು ಚೌಕದ ಚಿತ್ರ ಸಮೇತ. ‘ಅತಿ ತುರ್ತು’ ಎಂದು ಗುರುತು ಹಾಕಿದೆ. ಅದು ಹಸಿರು ಬಣ್ಣದ ದೂರಿನ ಪಕ್ಕದಲ್ಲಿ ಹೋಗಿ ಮಲಗಿತು. ಎರಡನೆಯ ಸಲ ಬರೆದಾಗ ಉತ್ತರ ಬಂತು: ‘ನಮ್ಮಲ್ಲಿ ಪರೀಕ್ಷಿಸಲಾಗಿದೆ, ಸರಿಯಾಗಿದೆ. ದೂರು ಮುಕ್ತಾಯ.’ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅರ್ಜಿಗೆ ಕೊನೆಯ ದಿನ ಹತ್ತಿರ ಬರುತ್ತಿತ್ತು. ಚೈತ್ರಾಳನ್ನು ಕರೆದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿ ಪರದೆ ನೋಡಿದರು, ಕನ್ನಡಕ ಇಳಿಸಿ ಅವಳನ್ನು ನೋಡಿದರು.

“ಯಾವಾಗ ಬಿಟ್ಟಿದ್ದಮ್ಮ ನೀನು?”

“ಬಿಟ್ಟಿಲ್ಲ ಸರ್. ಇಲ್ಲೇ ಇದೀನಿ.”

“ಅದು ಹೌದು,” ಎಂದರು ಅವರು, ಒಪ್ಪಿಕೊಂಡವರಂತೆ. “ಆದ್ರೆ ಇದ್ರಲ್ಲಿ ಇಲ್ವಲ್ಲ.”

“ನಾನೇ ಎದುರಿಗೆ ಇದೀನಲ್ಲ ಸರ್.”

“ಅದು ನನಗೆ ಕಾಣ್ತದಮ್ಮ. ಸಿಸ್ಟಂಗೆ ಕಾಣ್ಬೇಕಲ್ಲ.”

ಅದಕ್ಕೆ ಸರ್ವಸಾಕ್ಷಿ ಎಂದು ಹೆಸರು ಇಟ್ಟವಳು ನಾನು. ಸುಮ್ಮನೆ ಗೋಡೆಯ ಗಡಿಯಾರ ನೋಡಿದೆ.

ಹೊರಗೆ ಬಂದ ಮೇಲೆ ಚೈತ್ರಾ ಕಾರಿಡಾರಿನ ಕಂಬಕ್ಕೆ ಒರಗಿ ನಿಂತಳು. “ಈ ಸಲ ಡಿಗ್ರಿ ಮುಗೀದಿದ್ರೆ ಪಿಎಸ್‌ಐಗೆ ಅರ್ಜಿ ಹಾಕಕ್ಕೆ ಆಗಲ್ಲ ಮೇಡಂ. ಮತ್ತೆ ಯಾವಾಗ ಕರೀತಾರೋ ಗೊತ್ತಿಲ್ಲ. ತೀರ್ಥಹಳ್ಳಿಗೆ ಹೋಗಿ ಅವ್ರ ಮುಂದೇನೇ ನಿಂತ್ಕೊಳ್ಳಣ. ನಾಳೆ ಬರ್ತೀರಾ?”

ಸಂಯೋಜಕಿ ನಾನು, ಉಪಾಯ ಅವಳದ್ದು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಹೊಸನಗರದಲ್ಲಿ ಬಸ್ಸು ಬದಲಿಸಿ, ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬನ್ಸ್ ತಿಂದೆವು. ದಾರಿಯುದ್ದಕ್ಕೂ ನಾನು ಅಲ್ಲಿ ಏನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಭಾಷಣ ಸಿದ್ಧಪಡಿಸುತ್ತಿದ್ದೆ. ಸಂಸ್ಥೆಯ ಹೊಣೆ, ವಿದ್ಯಾರ್ಥಿಯ ಭವಿಷ್ಯ, ಯಂತ್ರ ಮತ್ತು ಮಾನವೀಯತೆ ಎಂದು ಒಳ್ಳೆಯ ಏರಿಳಿತವಿತ್ತು ಅದರಲ್ಲಿ. ಚೈತ್ರಾ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು.

ತೀರ್ಥಹಳ್ಳಿಯ ಕಾಲೇಜಿನಲ್ಲಿ ಸಿಸ್ಟಂ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅಲ್ಲಿದ್ದವನು ಪ್ರಮೋದ ಎಂಬ ಒಬ್ಬನೇ ಹುಡುಗ, ಮೂವತ್ತರ ಒಳಗಿನವನು. ‘ನಾವು’, ‘ನಮ್ಮಲ್ಲಿ’, ‘ನಮ್ಮ ತಂಡ’ ಎಂದೆಲ್ಲ ಉತ್ತರ ಬರೆಯುತ್ತಿದ್ದ ಬಹುವಚನ ಇವನೊಬ್ಬನೇ. ಮೂರು ಕಾಲೇಜಿನ ದೂರು, ಪ್ರಿಂಟರು, ಸಭಾಂಗಣದ ಮೈಕು ಎಲ್ಲವೂ ಅವನದೇ ಜವಾಬ್ದಾರಿ. ನಾವು ಹೋದಾಗಲೂ ಒಂದು ಮೈಕನ್ನು ಬಿಚ್ಚಿ ಮೇಜಿನ ಮೇಲೆ ಹರವಿಕೊಂಡಿದ್ದ.

ನಾನು ನನ್ನ ಭಾಷಣ ಆರಂಭಿಸಿದೆ. ಯಂತ್ರ ಮತ್ತು ಮಾನವೀಯತೆಗೆ ಬರುವಷ್ಟರಲ್ಲಿ ಅವನು, “ಮೇಡಂ, ಗ್ರಂಥಾಲಯದ ಬಗ್ಗೆ ಬರ್ದಿದ್ದು ನೀವೇನಾ?” ಎಂದ.

ಹೌದು ಎಂದೆ.

“ಶೈಲಿ ಗುರ್ತು ಸಿಕ್ತು,” ಎಂದ. ಹೊಗಳಿಕೆಯೋ ಅಲ್ಲವೋ ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ಅವನು ಚೈತ್ರಾಳ ಕಡೆ ತಿರುಗಿದ. “ನೀನು ಹೇಳು. ಎಂತ ಮಾಡ್ದೆ, ಎಂತ ಆಗ್ಬೇಕಿತ್ತು, ಎಂತ ಆಯ್ತು?”

“ಪರೀಕ್ಷೆ ಅರ್ಜಿ ತೆಗ್ದು ನನ್ನ ನಂಬರ್ ಹಾಕ್ದೆ,” ಎಂದಳು ಚೈತ್ರಾ. “ನನ್ನ ಹೆಸ್ರು, ವಿಷಯ ಬರ್ಬೇಕಿತ್ತು. ಕಾಲೇಜು ಬಿಟ್ಟಿದಾಳೆ ಅಂತ ಬಂತು.”

ಅಷ್ಟೇ. ನಾನು ಎರಡೆರಡು ಸಲ ಬರೆದೂ ತಿಳಿಸಲಾಗದ್ದು ಒಂದು ಉಸಿರಿನಲ್ಲಿ ಮುಗಿಯಿತು. ಪ್ರಮೋದ ಮೈಕನ್ನು ಪಕ್ಕಕ್ಕೆ ಸರಿಸಿ, ಅವಳು ಹೇಳಿದ ಹಾಗೆಯೇ ಮಾಡಿದ. ಕೆಂಪು ಚೌಕ ಬಂತು. “ಓ,” ಎಂದ.

“ಮೊದ್ಲು ನೋಡಿ ಸರಿಯಾಗಿದೆ ಅಂದ್ರಲ್ಲ?” ಎಂದೆ ನಾನು.

“ಪುಟ ತೆಗೀತದಾ ಇಲ್ವಾ ಅಂತ ನೋಡಿದ್ದು ಮೇಡಂ. ತೆಗ್ದಿತ್ತು.” ಅವನ ದನಿಯಲ್ಲಿ ನಾಚಿಕೆಯೇನೂ ಇರಲಿಲ್ಲ, ದಣಿವಿತ್ತು. ಒಂದಷ್ಟು ಹೊತ್ತು ಒಳಗೊಳಗೇ ಹುಡುಕಿ, ಕುರ್ಚಿ ಹಿಂದೆ ತಳ್ಳಿ ಹೇಳಿದ, “ಹೊಸನಗರದ ಕಾಲೇಜಲ್ಲೂ ಒಬ್ಳು ಚೈತ್ರಾ ಇದಾಳೆ. ಇನಿಷಿಯಲ್ಲೂ ಒಂದೇ, ಹುಟ್ಟಿದ ದಿನಾನೂ ಒಂದೇ. ಅವ್ಳು ಓದು ಬಿಟ್ಟು ಹೋಗಿದಾಳೆ. ಇದು ಇಬ್ರನ್ನೂ ಒಬ್ಳೇ ಅಂದ್ಕೊಂಡಿದೆ.”

ಚೈತ್ರಾ ಪರದೆಯ ಹತ್ತಿರ ಬಗ್ಗಿ, ತನ್ನದೇ ಹೆಸರಿನ ಇನ್ನೊಬ್ಬಳನ್ನು ನೋಡಿದಳು. ಫೋಟೋದಲ್ಲಿ ಒಂದು ದುಂಡುಮುಖದ ಹುಡುಗಿ, ಎರಡು ಜಡೆ.

“ಕಷ್ಟ ಎಂತ ಇಲ್ಲ,” ಎಂದ ಪ್ರಮೋದ. “ಹೊಸನಗರದವಳದ್ದು ಡಿಲೀಟ್ ಮಾಡಿದ್ರೆ ಇವಳದ್ದು ಸರಿ ಆಗ್ತದೆ. ಈಗ್ಲೇ ಆಗ್ತದೆ.”

ನನ್ನ ತಲೆ ಆಗಲೇ ಸರಿ ಎಂದು ಆಡಿತ್ತು. ಕೆಲಸವಾಯಿತು, ಮಧ್ಯಾಹ್ನದ ಬಸ್ಸು ಸಿಗುತ್ತದೆ ಎಂದು ಕೈಚೀಲಕ್ಕೂ ಕೈ ಹಾಕಿದ್ದೆ.

“ಅವ್ಳ ಮಾರ್ಕ್ಸು?” ಎಂದಳು ಚೈತ್ರಾ.

“ಅದೂ ಹೋಗ್ತದೆ. ಆದ್ರೆ ಅವ್ಳು ಕಾಲೇಜು ಬಿಟ್ಟು ಹೋಗಿದಾಳಲ್ಲ.”

“ನಾನೂ ಬಿಟ್ಟು ಹೋಗಿದೀನಿ ಅಂತಾನೇ ಇತ್ತು ಸರ್ ಇದ್ರಲ್ಲಿ.”

ಪ್ರಮೋದ ಮೌಸಿನ ಮೇಲಿಂದ ಕೈ ತೆಗೆದ. ನಾನು ಕೈಚೀಲ ಕೆಳಗಿಟ್ಟೆ. ಹೊರಗೆ ಯಾವುದೋ ತರಗತಿ ಬಿಟ್ಟು, ಮಕ್ಕಳು ನಮ್ಮ ತಲೆಯ ಮೇಲಿನ ಮೆಟ್ಟಿಲುಗಳನ್ನು ಧಡಧಡನೆ ಇಳಿದು ಹೋದರು. ಆ ಸದ್ದು ಮುಗಿದ ಮೇಲೆ ಅವನು ಹೇಳಿದ, “ಇಬ್ರನ್ನೂ ಬೇರೆ ಬೇರೆ ಮಾಡ್ಬೇಕು ಅಂದ್ರೆ ಒಂದೊಂದೇ ವಿಷಯ ಬಿಡಿಸ್ಬೇಕು. ಸಂಜೆ ಆಗ್ತದೆ. ಕೂತ್ಕೋತೀರಾ?”

“ಕೂತ್ಕೋತೀವಿ,” ಎಂದಳು ಚೈತ್ರಾ. ನನ್ನನ್ನು ಕೇಳಲಿಲ್ಲ.

ಕೂತೆವು. ಯಾವ ಅಂಕ ಯಾರದ್ದು ಎಂದು ಸಂದೇಹ ಬಂದಲ್ಲೆಲ್ಲ ಅವನು ಕೇಳುತ್ತಿದ್ದ, ಇವಳು ಹೇಳುತ್ತಿದ್ದಳು: “ಅದು ನಂದಲ್ಲ, ನಾನು ಇತಿಹಾಸ. ಸಮಾಜಶಾಸ್ತ್ರ ಇದ್ರೆ ಅವಳದ್ದು.” ಒಂದು ಕಡೆ ಅವಳ ಹೆಸರಿನಲ್ಲಿ ಒಳ್ಳೆಯ ಅಂಕವೊಂದು ಕೂತಿತ್ತು. “ಇದು ಅವಳದ್ದೇ ಇರ್ಬೇಕು ಸರ್, ನಂಗೆ ಇಂಗ್ಲಿಷಲ್ಲಿ ಇಷ್ಟು ಬರಲ್ಲ,” ಎಂದು ಬಿಟ್ಟುಕೊಟ್ಟಳು. ಪ್ರಮೋದ ನಕ್ಕ. ನಾನು ಕ್ಯಾಂಟೀನಿನಿಂದ ಚಹಾ ತರಿಸುವ ಕೆಲಸ ನೋಡಿಕೊಂಡೆ. ದೋಷ ವರದಿ ಸಂಯೋಜಕಿಯಾಗಿ ಅಷ್ಟು ದಿನಗಳಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ. ನಡುವೆ ಹೊತ್ತು ಕಳೆಯಲು ಆ ಮೈಕಿನ ಬಗ್ಗೆ ಏನೋ ಸಲಹೆ ಕೊಡಲು ಹೋದೆ. ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಇನ್ನೊಂದು ಸುತ್ತು ಚಹಾ ಹೇಳಲು ಎದ್ದೆ.

ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಪ್ರಮೋದ ಮತ್ತೆ ಅವಳ ನಂಬರು ಹಾಕಿದ. ಅರ್ಜಿ ತೆರೆಯಿತು. ಹೆಸರು, ವಿಷಯ, ಫೋಟೋ ಎಲ್ಲ ಬಂತು. ಚೈತ್ರಾ ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು, ಆಮೇಲೆ ಗುಂಡಿ ಒತ್ತಿದಳು. ‘ಸ್ವೀಕರಿಸಲಾಗಿದೆ’ ಎಂದು ಬಂದಾಗ ಅವಳು ಎರಡು ಕೈಯಲ್ಲೂ ಮುಖ ಉಜ್ಜಿಕೊಂಡಳು. ಆಮೇಲೆ, “ಅವಳದ್ದೂ ಒಂದ್ಸಲ ತೆಗ್ದು ನೋಡಿ ಸರ್,” ಎಂದಳು. ತೆಗೆದ. ಎರಡು ಜಡೆಯ ಹುಡುಗಿ, ಅವಳ ಅಂಕಗಳು, ಅವಳ ಇಂಗ್ಲಿಷು ಎಲ್ಲ ಜಾಗದಲ್ಲೇ ಇದ್ದವು.

ಚೈತ್ರಾ ಪರೀಕ್ಷೆ ಬರೆದಳು, ಪಾಸಾದಳು, ಇಂಗ್ಲಿಷಿನಲ್ಲಿ ಅವಳೇ ಹೇಳಿದಷ್ಟು ಕಡಿಮೆಯೇನೂ ಬರಲಿಲ್ಲ. ಪಿಎಸ್‌ಐ ಅರ್ಜಿಯನ್ನೂ ಹಾಕಿದ್ದಾಳೆ, ಓಟ ನಡೆದೇ ಇದೆ. ನನಗೆ ಸರ್ವಸಾಕ್ಷಿಯಿಂದ ಒಂದು ಸಂದೇಶ ಬಂತು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ಪ್ರಯಾಣದ ಅಗತ್ಯವಿಲ್ಲದ ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಬಸ್ಸಿನಲ್ಲಿ ಸೊಂಟ ನೋವು ಬಂದಿತ್ತು. ಪ್ರಮೋದನ ಮುಖ ನೆನಪಾಗಿ ಐದೂ ಕೊಟ್ಟೆ. ‘ಕೊಡಲು ಆಗುತ್ತಿಲ್ಲ, ಏನೋ ತಪ್ಪಾಗಿದೆ’ ಎಂದು ಬಂತು.

ಕೆಲವು ತಿಂಗಳ ಹಿಂದೆ ಒಂದು ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಹೊಸನಗರದ ಕಾಲೇಜಿಗೆ ಹೋಗಿದ್ದೆ. ಮುಗಿದ ಮೇಲೆ ಕಾಫಿ ತಂದುಕೊಟ್ಟ ಹುಡುಗಿಯ ಮುಖ ಎಲ್ಲೋ ನೋಡಿದ ಹಾಗಿತ್ತು. ಹೆಸರು ಕೇಳಿದೆ.

“ಚೈತ್ರಾ ಮೇಡಂ. ಸಮಾಜಶಾಸ್ತ್ರ, ಫೈನಲ್ ಇಯರ್.” ಅವಳೇ ಮುಂದುವರಿಸಿದಳು, “ನಡುವೆ ಬಿಟ್ಟಿದ್ದೆ. ಅಮ್ಮಂಗೆ ಹುಷಾರಿರ್ಲಿಲ್ಲ, ಮನೇಲಿ ನೋಡ್ಕೊಳ್ಳಕ್ಕೆ ಯಾರೂ ಇರ್ಲಿಲ್ಲ. ಈಗ ಅಮ್ಮ ಓಡಾಡ್ತಾರೆ. ಅದಕ್ಕೆ ವಾಪಸ್ ಸೇರ್ಕೊಂಡೆ.”

“ಸೇರೋದಕ್ಕೆ ತೊಂದ್ರೆ ಆಗ್ಲಿಲ್ವಾ?” ಎಂದೆ. ಕಾಫಿ ಬಿಸಿಯಿತ್ತು, ಲೋಟ ಕೆಳಗಿಟ್ಟೆ.

“ಎಂತ ತೊಂದ್ರೆನೂ ಇಲ್ಲ ಮೇಡಂ. ಹೆದರ್ಕೊಂಡೇ ಹೋಗಿದ್ದೆ, ಹಳೇದೆಲ್ಲ ಮತ್ತೆ ಬರೀಬೇಕೇನೋ ಅಂತ. ನಂಬರ್ ಹೇಳಿದ್ ತಕ್ಷಣ ಮಾರ್ಕ್ಸೆಲ್ಲ ಬಂತು, ಒಂದೂ ಹೋಗಿರ್ಲಿಲ್ಲ.” ಅವಳ ದುಂಡುಮುಖ ಅರಳಿತು. “ಈ ಸಾಫ್ಟ್‌ವೇರು ಬಂದ್ಮೇಲೆ ಎಷ್ಟು ಸಲೀಸು ಅಲ್ವಾ ಮೇಡಂ? ಯಾರನ್ನೂ ಕೇಳೋದೇ ಬೇಡ, ಎಲ್ಲಾ ತನ್ನಷ್ಟಕ್ಕೆ ಆಗ್ತದೆ.”

“ಹೌದಮ್ಮ,” ಎಂದೆ, “ತನ್ನಷ್ಟಕ್ಕೆ ಆಗ್ತದೆ.”